ಹಳ್ಳೂರ ಕಾಕಾ ಮತ್ತು ನೂರು ವರ್ಷದ ಹಿಂದಿನ ಹೆಬ್ಬೆಟ್ಟು

ಹಳ್ಳೂರ ಕಾಕಾ ಹೊಸಬರನ್ನು ಕಂಡರೆ ಮೊದಲು ಮುಖ ನೋಡುತ್ತಿರಲಿಲ್ಲ, ಹೆಬ್ಬೆರಳು ನೋಡುತ್ತಿದ್ದರು. ಪುಣೆ ಹತ್ತಿರದ ದೇಹೂ ರೋಡ್ ಬಜಾರಿನ ನಮ್ಮ ಕನ್ನಡಕದ ಅಂಗಡಿಗೆ ಅವರು ಮೊದಲ ಸಲ ಬಂದಾಗ ನಾನು ವಾಡಿಕೆಯಂತೆ ಮರಾಠಿಯಲ್ಲಿ "ಯಾ ಕಾಕಾ, ಬಸಾ" ಎಂದೆ. ಅವರು ಕೂರಲಿಲ್ಲ. ಕೌಂಟರಿನ ಮೇಲಿದ್ದ ನನ್ನ ಬಲಗೈಯನ್ನು ಬಗ್ಗಿ ನೋಡಿದರು, ಎಡಗೈಯನ್ನೂ ನೋಡಿದರು. ಆಮೇಲೆ ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರ್ ಕಣ್ಣಿಗೆ ಬಿದ್ದಿರಬೇಕು, ಅಪ್ಪಟ ವಿಜಾಪುರದ ಮಾತಿನಲ್ಲಿ ಹೇಳಿದರು: "ಉಗುರು ಸಣ್ಣಗ ಕತ್ತರಿಸೀರಿ. ಛಲೋ ಆತು. ನಿಮ್ಮ ಕೈಯಾಗ ಕಣ್ಣು ಕೊಡಬಹುದು."

ನಾನು ಧಾರವಾಡದವಳು. ಕಣ್ಣಿನ ನಂಬರು ತೆಗೆಯುವುದು ನನ್ನ ಕೆಲಸ. ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ನಾನು ಕೊನೆಯವರೆಗೆ ಡಾಕ್ಟರಬಾಯಿಯೇ. ಅವರಿಗೆ ಆಗ ಎಪ್ಪತ್ತರ ಹತ್ತಿರ. ಬೆನ್ನು ಬಿದಿರಿನಂತೆ ನೇರ. ಮೂಗು ಮಾತ್ರ ಎಡಕ್ಕೆ ಹೊರಟು, ನಡುದಾರಿಯಲ್ಲಿ ಮನಸ್ಸು ಬದಲಿಸಿ ಬಲಕ್ಕೆ ತಿರುಗಿತ್ತು. ಹದಿನೆಂಟಕ್ಕೆ ಸೈನ್ಯ ಸೇರಿ, ತಮ್ಮ ಪಲ್ಟಣದ ಪರವಾಗಿ ಬಾಕ್ಸಿಂಗ್ ಆಡಿ, ಹವಾಲ್ದಾರರಾಗಿ ನಿವೃತ್ತರಾಗಿ ಇಲ್ಲೇ ನಿಂತವರು. ಬಜಾರಿನ ಹಿಂದಿನ ಒಂದು ತಗಡಿನ ಶೆಡ್ಡಿನಲ್ಲಿ ಬೆಳಗಿನ ಹೊತ್ತು ಬಾಕ್ಸಿಂಗ್ ಕಲಿಸುತ್ತಿದ್ದರು.

ಅವರ ಮಾತು ಎಲ್ಲಿಂದ ಶುರುವಾದರೂ ಹೋಗಿ ಮುಟ್ಟುವುದು ನೂರು ವರ್ಷದ ಹಿಂದಿನ ಬಾಕ್ಸಿಂಗಿಗೆ. ಅವರಿಗೆ ಕಲಿಸಿದ ಉಸ್ತಾದರ ಗುರು ಬ್ರಿಟಿಷರ ಕಾಲದಲ್ಲಿ ಪುಣೆಯ ಕ್ಯಾಂಪಿನಲ್ಲಿ ಗೋರಾ ಸಿಪಾಯಿಗಳ ಜೊತೆ ಆಡಿದವನಂತೆ. ಆ ಎರಡು ಬಾಯಿಗಳಿಂದ ಇಳಿದು ಬಂದ ಕತೆಗಳನ್ನು ಕಾಕಾ ನಿನ್ನೆ ಸಂಜೆ ತಾವೇ ನೋಡಿ ಬಂದವರಂತೆ ಹೇಳುತ್ತಿದ್ದರು.

"ಆಗಿನ ಗ್ಲೌಸಿನಾಗ ಹೆಬ್ಬೆಟ್ಟು ಬ್ಯಾರೆ ಇರ್ತಿತ್ತರಿ, ಮನಿಬಿಟ್ಟು ಹೋದ ಅಳಿಯನಂಗ. ಈಗ ಅದನ್ನ ಹೊಲದು ಕಟ್ಟಿಹಾಕ್ಯಾರ. ಆಗ ಹಂಗಲ್ಲ. ಅಪ್ಪಿಕೊಂಡಂಗ ಮಾಡಿ ಹೆಬ್ಬೆಟ್ಟು ಸೀದಾ ಕಣ್ಣಾಗ! ರೆಫರಿ ಈ ಕಡೆ ಬಂದ್ರ ಆ ಕಣ್ಣು, ಆ ಕಡೆ ಹೋದ್ರ ಈ ಕಣ್ಣು. ಗ್ಲೌಸಿನ ದಾರದ ಗಂಟು ಇರ್ತದಲ್ಲ, ಅದನ್ನ ಹುಬ್ಬಿನ ಮ್ಯಾಲೆ ಕೊಬ್ಬರಿ ತುರದಂಗ ತುರಿಯೂದು. ಇನ್ನ ಕೆಲವರು ಗ್ಲೌಸಿಗೆ ನೋವಿನೆಣ್ಣಿ ಸವರಿಕೊಂಡು ಬರ್ತಿದ್ರು. ಒಂದು ಏಟು ಬಿತ್ತಂದ್ರ ಉಳ್ಳಾಗಡ್ಡಿ ಹೆಚ್ಚಿದಂಗ ಕಣ್ಣೀರು."

ಇದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟು ಎಷ್ಟಿತ್ತೋ ಮೆಚ್ಚುಗೆಯೂ ಅಷ್ಟೇ ಇತ್ತು. ಒಮ್ಮೆ ಕೇಳಿಯೇಬಿಟ್ಟೆ, "ಕಾಕಾ, ನೀವು ಇದನ್ನ ಬೈತೀರೋ ಹೊಗಳ್ತೀರೋ?" ಅವರೆಂದರು: "ಕಳ್ಳನ್ನ ಬೈಬೇಕು. ಆದ್ರ ಕೀಲಿ ಹೆಂಗ ತಗದ ಅಂತ ತಿಳಕೋಬೇಕು."

ಆ ಮೊದಲ ಸಲ ಅವರು ನನ್ನ ಬಳಿ ಬಂದದ್ದು ಕನ್ನಡಕಕ್ಕಲ್ಲ, ಒಂದು ಚೀಟಿಗೆ. ಎರಡು ಸಲ ಗಟಾರಕ್ಕೆ ಸ್ಕೂಟರ್ ಇಳಿಸಿದ್ದರಿಂದ ಹೆಂಡತಿ ಕಾಶಿಬಾಯಿ ಅದರ ಕೀಲಿಯನ್ನು ಬಚ್ಚಿಟ್ಟುಬಿಟ್ಟಿದ್ದರು. ಎರಡೂ ಕಣ್ಣು ಸರಿಯಿವೆ ಎಂದು ಬಲ್ಲವರು ಬರೆದುಕೊಟ್ಟರೆ ಮಾತ್ರ ಕೀಲಿ.

ಕುರ್ಚಿಯಲ್ಲಿ ಕೂರಿಸಿ, "ಒಂದು ಕಣ್ಣು ಮುಚ್ಚಿ ಓದ್ರಿ" ಎಂದೆ. ಎಡಗೈಯಿಂದ ಎಡಗಣ್ಣು ಮುಚ್ಚಿ, ಮೇಲಿನ ದೊಡ್ಡ ಅಕ್ಷರದಿಂದ ಕೊನೆಯ ಸಾಸಿವೆಯಷ್ಟು ಅಕ್ಷರದವರೆಗೆ ಗಡಗಡ ಓದಿದರು. "ಈಗ ಇನ್ನೊಂದು" ಎಂದೆ. ಬಲಗೈ ಎತ್ತಿದರು, ಮುಚ್ಚಿದರು, ಮತ್ತೆ ಗಡಗಡ ಓದಿದರು. ಈ ವಯಸ್ಸಿಗೆ ಇಂಥ ಕಣ್ಣೇ ಎಂದು ಬೆರಗಾಗಿ ನಾನು ಪೆನ್ನು ತೆಗೆದೆ. ಬರೆಯುವ ಮುಂಚೆ ತಲೆಯೆತ್ತಿ ನೋಡುತ್ತೇನೆ, ಬಲಗೈ ಮೂಗನ್ನು ದಾಟಿಹೋಗಿ ಎಡಗಣ್ಣಿನ ಮೇಲೆಯೇ ಕೂತಿದೆ!

"ಕಾಕಾ, ಎರಡೂ ಸಲ ಮುಚ್ಚಿದ್ದು ಒಂದ ಕಣ್ಣು."

"ಹೌದೇನ್ರಿ?" ಎಂದು ಕೈ ತೆಗೆದು ಕೈಯನ್ನೇ ನೋಡಿಕೊಂಡರು, ತಪ್ಪು ಅದರದೇ ಎಂಬಂತೆ. ಆಮೇಲೆ ನಕ್ಕುಬಿಟ್ಟರು. "ಸಿಕ್ಕಿಬಿಟ್ಟೆ. ಇದು ನನ್ನ ಬುದ್ಧಿ ಅಲ್ಲರಿ, ನೂರು ವರ್ಷದ ಹಿಂದಿಂದು. ಆಗ ಒಂದು ಕಣ್ಣು ಹೋದ ಬಾಕ್ಸರಗೋಳು ಡಾಕ್ಟರ ಮುಂದ ಹಿಂಗ ಮಾಡಿ ರಿಂಗಿಗೆ ಇಳೀತಿದ್ರಂತ. ಒಂದ ಕಣ್ಣಿಲೆ ವರ್ಷಗಟ್ಟಲೆ ಆಡ್ಯಾರ, ಗೆದ್ದೂ ಗೆದ್ದಾರ."

"ಅವರು ಸ್ಕೂಟರ್ ಹೊಡೀತಿರಲಿಲ್ಲ" ಎಂದೆ.

ದೀಪ ಹಿಡಿದು ಎಡಗಣ್ಣು ಪರೀಕ್ಷಿಸಿದೆ. ಮುಂಭಾಗ ತಿಳಿನೀರಿನಂತೆ ಸ್ವಚ್ಛ. ಹಿಂದಿನ ಪರದೆ, ಅಂದರೆ ರೆಟಿನಾ, ಯಾವ ಕಾಲದಲ್ಲೋ ಕಳಚಿ ಮುದುಡಿಹೋಗಿತ್ತು. ಆ ಕಣ್ಣಿಗೆ ನನ್ನ ದೀಪದ ಬೆಳಕು ಕೂಡ ಕಾಣುತ್ತಿರಲಿಲ್ಲ. ಕಾಶಿಬಾಯಿಗೆ ಇದ್ದುದನ್ನೇ ಬರೆದುಕೊಟ್ಟೆ. ಸ್ಕೂಟರ್ ಮಾರಾಟವಾಯಿತು. ಮೂರು ದಿನ ಅಂಗಡಿಯ ಮುಂದೆ ಹಾಯುವಾಗ ಕಾಕಾ ಮುಖ ತಿರುಗಿಸಿಕೊಂಡು ಹೋದರು. ನಾಲ್ಕನೆಯ ದಿನ ಬಂದು ತಾವಾಗಿಯೇ ಕಣ್ಣಿನ ಕತೆ ಹೇಳಿದರು.

ಮೂವತ್ತು ತುಂಬುವ ಮುಂಚೆ, ಎರಡು ಪಲ್ಟಣಗಳ ನಡುವಿನ ಪಂದ್ಯದಲ್ಲಿ, ಎದುರಾಳಿಯ ಹೆಬ್ಬೆರಳು ಆ ಕಣ್ಣಿಗೆ ಇಳಿದಿತ್ತು. ಹಳೇ ಗ್ಲೌಸು, ಹೊಲಿಗೆ ಬಿಚ್ಚಿತ್ತು. "ಬೇಕಂತ ಮಾಡಿದನೋ ತಪ್ಪಿ ಬಿತ್ತೋ ಅವಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಣ್ಣಾಗ ನೊಣ ಹಾರಿದಂಗ ಆತು. ನಾ ಯಾರಿಗೂ ಹೇಳಲಿಲ್ಲ. ಗೆದ್ದೆ. ಮರುದಿನ ಅರ್ಧ ಕಣ್ಣಿಗೆ ಕತ್ತಲಿ, ವಾರದಾಗ ಪೂರ್ತಿ ಕತ್ತಲಿ. ಮನ್ಯಾಗ ಮಾತ್ರ ವಾಸಿ ಆತಂತ ಹೇಳಿದೆ. ಹೊಡದಾಂವ ದವಾಖಾನಿಗೆ ದಿನಾ ಜಿಲೇಬಿ ತರ್ತಿದ್ದ. ನಾ ಒಂದ ಕಣ್ಣಿಲೆ ಅಳಕೋತ ತಿಂತಿದ್ದೆ."

"ನೀವು ಯಾರಿಗೂ ಮೋಸ ಮಾಡಿಲ್ಲೇನು ಕಾಕಾ?"

"ಮಾಡಿಲ್ಲಂದ್ರ ಸುಳ್ಳಾಗ್ತದ." ಕುರ್ಚಿ ಹತ್ತಿರ ಎಳೆದುಕೊಂಡರು. "ಒಮ್ಮೆ ಒಬ್ಬ ಪಂಜಾಬಿ ಹುಡುಗಗ 'ನಿನ್ನ ಬೂಟಿನ ಲೇಸ್ ಬಿಚ್ಚ್ಯದ' ಅಂದೆ. ಅಂವ ಕೆಳಗ ನೋಡಿದ, ನಾ ಮ್ಯಾಲೆ ಹೊಡದೆ. ಇದೂ ಹಳೇ ಕಾಲದ್ದ. ಮುಂದಿನ ಪಂದ್ಯದಾಗ ಇನ್ನೊಬ್ಬ ನನಗ 'ಲೇಸ್ ಬಿಚ್ಚ್ಯದ' ಅಂದ. ನನಗ ಕಲಸ್ತಿ ಏನೋ ಮಗನ ಅಂತ ನಾ ಕೆಳಗ ನೋಡಲೇ ಇಲ್ಲ. ಖರೇನ ಬಿಚ್ಚಿತ್ತರಿ! ನನ್ನ ಲೇಸು ನಾನ ತುಳದು ಬೋರಲ ಬಿದ್ದೆ. ಅಂವ ಕೈ ಸುದ್ದಾ ಎತ್ತಿರಲಿಲ್ಲ."

ನನ್ನ ಗಂಡ ಪ್ರಸನ್ನ ಮೈಸೂರಿನವರು, ಪುಣೆಯ ವಿಮಾನ ನಗರದ ಕಂಪನಿಯೊಂದರಲ್ಲಿ ಕೆಲಸ. ಅವರ ಆಫೀಸಿನಲ್ಲಿ ಆರೋಗ್ಯ ದಿನಾಚರಣೆಗೆ ಯಾರಾದರೂ ಆಟಗಾರರನ್ನು ಕರೆಸಬೇಕೆಂದು ಹುಡುಕುತ್ತಿದ್ದರು. ಕಾಕಾರ ಹೆಸರು ಹೇಳಿದವಳು ನಾನೇ. ಆ ಮಧ್ಯಾಹ್ನ ನಾನೂ ಹೋಗಿದ್ದೆ. ಕಾಕಾ ಇಸ್ತ್ರಿ ಮಾಡಿದ ಬ್ಲೇಜರ್ ಹಾಕಿಕೊಂಡು, ವ್ಯಾಯಾಮದ ಬಗ್ಗೆ ಹಿಂದಿಯಲ್ಲಿ ಐದು ನಿಮಿಷ ಸಭ್ಯವಾಗಿ ಮಾತಾಡಿದರು. ಸಭೆ ತೂಕಡಿಸಿತು. ಅವರಿಗೆ ಅದು ತಡೆಯಲಾಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ದಪ್ಪನೆಯ ಮ್ಯಾನೇಜರರನ್ನು ವೇದಿಕೆಗೆ ಕರೆದು, ಎದುರಿಗೆ ನಿಲ್ಲಿಸಿ, ಮುಷ್ಟಿ ಎತ್ತಿಸಿ, ಗಂಭೀರವಾಗಿ "ಸಾಹೇಬ್, ನಿಮ್ಮ ಬೂಟಿನ ಲೇಸ್ ಬಿಚ್ಚಿದೆ" ಎಂದರು. ಮ್ಯಾನೇಜರ್ ಬಗ್ಗಿ ನೋಡಿದರು. ಕಾಕಾರ ಮುಷ್ಟಿ ಅವರ ಗಲ್ಲಕ್ಕೆ ಹೂವಿನಂತೆ ತಾಗಿ ನಿಂತಿತು.

ಸಭೆ ನಕ್ಕದ್ದು ಅದಕ್ಕಲ್ಲ. ಮ್ಯಾನೇಜರರ ಬೂಟಿಗೆ ಲೇಸೇ ಇರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಕಾಕಾ ಉತ್ಸಾಹದಿಂದ, "ನಿಮ್ಮ ಆಫೀಸಿನಲ್ಲಿ ಎಂಥ ಮೋಸದ ಏಟು ಬೀಳುತ್ತದೆ?" ಎಂದು ಎಲ್ಲರನ್ನೂ ಕೇಳಿದರು. ಹಿಂದಿನಿಂದ ಒಬ್ಬ ಹುಡುಗಿ ಎದ್ದು, "ಸರ್, ಶುಕ್ರವಾರ ಸಂಜೆ ಮನೆಗೆ ಹೊರಟಾಗ 'ಒಂದು ಚಿಕ್ಕ ಕೆಲಸ' ಅಂತ ಮೇಲ್ ಬರುತ್ತದೆ" ಎಂದಳು. ಕಾಕಾ ತಲೆಯಾಡಿಸಿ, "ಅದು ಗಂಟೆ ಬಾರಿಸಿದ ಮೇಲೆ ಹೊಡೆಯುವ ಏಟು. ನೂರು ವರ್ಷದ ಹಿಂದೆಯೂ ಇತ್ತು. ರೆಫರಿ ಯಾರು ಇಲ್ಲಿ?" ಎಂದರು. ಮುನ್ನೂರು ಜನ ಒಟ್ಟಿಗೆ ಮ್ಯಾನೇಜರರ ಕಡೆ ನೋಡಿದರು. ಮನೆಗೆ ಬಂದ ಮೇಲೆ ಪ್ರಸನ್ನ, "ಲೇ, ಮುಂದಿನ ವರ್ಷ ಯೋಗದವರನ್ನ ಕರೆಸ್ತಾರಂತೆ ಕಣೇ" ಎಂದಷ್ಟೇ ಹೇಳಿದರು.

ಆದರೆ ಕಾಕಾ ನಗದ ಒಂದು ಸಂದರ್ಭವೂ ಇತ್ತು. ಅವರ ಶೆಡ್ಡಿನಲ್ಲಿ ಸಾನಿಕಾ ಎಂಬ ಹುಡುಗಿ ಕಲಿಯುತ್ತಿದ್ದಳು. ಕಾಲೇಜು ಓದುತ್ತಿದ್ದವಳು, ಕೈ ಬೀಸಿದರೆ ಗಾಳಿ ಸದ್ದು ಮಾಡುವಂಥ ಹುಡುಗಿ. ಜಿಲ್ಲಾ ಮಟ್ಟದ ಫೈನಲಿಗೆ ಬಂದಳು. ಗೆದ್ದರೆ ರಾಜ್ಯ ತಂಡದ ಆಯ್ಕೆ. ಕಾಶಿಬಾಯಿಯ ಜೊತೆ ನಾನೂ ನೋಡಲು ಹೋಗಿದ್ದೆ. ಎರಡು ಸುತ್ತು ಮುಗಿದಾಗ ಸಾನಿಕಾ ಮುಂದಿದ್ದಳು ಎಂಬುದು ನನ್ನಂಥವಳಿಗೂ ತಿಳಿಯುತ್ತಿತ್ತು. ಆದರೆ ಎರಡನೆಯ ಸುತ್ತಿನಲ್ಲಿ ಎದುರಾಳಿ ಅಪ್ಪಿಕೊಂಡಾಗಲೆಲ್ಲ ಗ್ಲೌಸಿನ ಅಂಗೈ ಭಾಗವನ್ನು ಇವಳ ಬಲಗಣ್ಣಿಗೆ ಒತ್ತಿ ತಿರುವುತ್ತಿದ್ದಳು. ರೆಫರಿ ಇದ್ದದ್ದು ಬೆನ್ನಿನ ಕಡೆ.

ವಿರಾಮದಲ್ಲಿ ಮೂಲೆಗೆ ಬಂದ ಸಾನಿಕಾ ನೀರು ಕುಡಿದು, ಖಾಲಿ ಗಾಳಿಯಲ್ಲಿ ಕೈಯಾಡಿಸಿದಳು.

"ಏನದು?" ಎಂದರು ಕಾಕಾ ಮರಾಠಿಯಲ್ಲಿ.

"ಏನಿಲ್ಲ ಸರ್. ನೊಣ."

ಆ ಒಳಾಂಗಣದಲ್ಲಿ ನೊಣವಿರಲಿಲ್ಲ. ಕಾಕಾ ಹೆಗಲ ಮೇಲಿದ್ದ ಟವೆಲನ್ನು ರಿಂಗಿನ ನಡುವೆ ಎಸೆದರು. ಪಂದ್ಯ ಬಿಟ್ಟುಕೊಟ್ಟೆವು ಎಂದು ಅದರ ಅರ್ಥ. ಸಭಾಂಗಣ ಹೋ ಎಂದಿತು. ಸಾನಿಕಾಳ ಅಪ್ಪ ಮೇಲಿನ ಗ್ಯಾಲರಿಯಿಂದ ಓಡಿಬಂದು ಕಾಕಾರ ಬ್ಲೇಜರಿನ ಕಾಲರ್ ಹಿಡಿದರು. ಸಾನಿಕಾ ಗ್ಲೌಸು ಬಿಚ್ಚಿ ಅವರ ಕಾಲ ಬಳಿ ಬಿಸಾಡಿ, "ಗೆದ್ದಿದ್ದೆ ಸರ್! ನೀವೇ ಸೋಲಿಸಿದಿರಿ!" ಎಂದು ಕೂಗಿದಳು. ಕಾಕಾ ಕಾಲರ್ ಬಿಡಿಸಿಕೊಳ್ಳಲೂ ಇಲ್ಲ. "ಬೈರಿ. ದವಾಖಾನಿಗೆ ಹೋಗಕೋತ ಬೈರಿ" ಎಂದು ಗಾಬರಿಯಲ್ಲಿ ಮರಾಠಿ ಮರೆತು ಕನ್ನಡದಲ್ಲೇ ಹೇಳಿ, ನನ್ನ ಕಡೆ ತಿರುಗಿದರು. "ಡಾಕ್ಟರಬಾಯಿ, ಈಗಿಂದೀಗ."

ಅಂದೇ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆವು. ಹಿಂದಿನ ಪರದೆಯಲ್ಲಿ ಸಣ್ಣ ಹರಕು. ಲೇಸರ್ ಹೊಡೆದು ಅಂಟಿಸಿದರು. ಇನ್ನೊಂದು ಸುತ್ತು ಆಡಿದ್ದರೆ ಪರದೆ ಕಳಚಿಬಿಡುತ್ತಿತ್ತು ಎಂದು ಡಾಕ್ಟರು ಅವಳ ಅಪ್ಪನಿಗೆ ಚಿತ್ರ ಬರೆದು ತೋರಿಸಿದರು. ಅಪ್ಪ ಬಂದು ಕಾಕಾರ ಕಾಲರನ್ನು ತಾವೇ ಸರಿಮಾಡಿ, ಇಲ್ಲದ ಧೂಳನ್ನು ಬಹಳ ಹೊತ್ತು ಕೊಡವಿದರು. ಸಾನಿಕಾ ಮಾತ್ರ ತಿಂಗಳು ಮಾತಾಡಲಿಲ್ಲ. ಆಮೇಲೊಂದು ಬೆಳಿಗ್ಗೆ ಶೆಡ್ಡಿಗೆ ಬಂದು, ಗುದ್ದುವ ಚೀಲದ ಹಿಂದೆ ಅರ್ಧ ಮರೆಯಾಗಿ ನಿಂತು, "ಆಡಬಾರದು ಅಂದಿದ್ದಾರೆ. ಕಲಿಸಬಹುದಾ?" ಎಂದು ಕೇಳಿದಳಂತೆ. ಕಾಕಾ ಕೊರಳಿನ ಸೀಟಿ ತೆಗೆದು ಅವಳ ಕೈಗೆ ಕೊಟ್ಟರಂತೆ. ನನಗೆ ಇದನ್ನು ಹೇಳುವಾಗ, "ಸೀಟಿ ಹೋದಮ್ಯಾಲೆ ನನ್ನ ಮಾತು ಯಾರೂ ಕೇಳವಲ್ಲರು ನೋಡ್ರಿ" ಎಂದು ದೂರಿದರು. ದೂರಿನಲ್ಲಿ ಅಂಥ ಹಿಗ್ಗನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊನೆಯ ಸಲ ಅಂಗಡಿಗೆ ಬಂದದ್ದು ಹೋದ ವರ್ಷ, ಕಾಶಿಬಾಯಿಯ ಜೊತೆ. ನೇತ್ರದಾನದ ಅರ್ಜಿ ತುಂಬಬೇಕಿತ್ತು. "ಒಂದಕ್ಕ ಅಷ್ಟ ಬರೀರಿ. ಎಡಗಡೀದು ಕೊಟ್ಟು ಯಾರಿಗೂ ಮೋಸ ಮಾಡೂದು ಬ್ಯಾಡ" ಎಂದರು.

ನಾನು ವಿವರಿಸಿದೆ. ಬೇರೆಯವರಿಗೆ ಹಾಕುವುದು ಕಣ್ಣಿನ ಮುಂದಿನ ಪಾರದರ್ಶಕ ಪೊರೆಯನ್ನು ಮಾತ್ರ. ಅವರ ಎಡಗಣ್ಣು ಕೆಟ್ಟದ್ದು ಹಿಂದೆ. ಮುಂದಿನದು ಚೆನ್ನಾಗಿಯೇ ಇದೆ.

"ಅಂದ್ರ ಒಳಗ ಮನಿ ಬಿದ್ದದ, ಖಿಡಕಿ ಗ್ಲಾಸು ಛಲೋ ಅದ?"

"ಹೌದು ಕಾಕಾ."

"ಆ ಗ್ಲಾಸು ಬ್ಯಾರೇದವರ ಮನಿಗೆ ಹಾಕಿದ್ರ ಅವರಿಗೆ ಹೊರಗಿಂದು ಕಾಣ್ತದ?"

"ಕಾಣ್ತದ."

ಅವರು ಎಡಗಣ್ಣನ್ನು ಅಂಗೈಯಿಂದ ಒಮ್ಮೆ ಮುಚ್ಚಿ ತೆಗೆದರು. ಕಾಶಿಬಾಯಿ ಅರ್ಜಿಯನ್ನು ನನ್ನ ಕಡೆ ಸರಿಸಿದರು: "ಬರೀರಿ ಬಾಯಿ, ಎರಡೂ ಬರೀರಿ. ಹೋದಮ್ಯಾಲೂ ಇವರ ಕಣ್ಣು ಮಂದೀ ಹೆಬ್ಬೆಟ್ಟು ನೋಡಕೋತ ಇರ್ಲಿ."

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ, ಬೆಳಗಿನ ಪಾಠ ಮುಗಿಸಿ ಬಂದು ಚಹಾ ಕೇಳಿ, ಚಹಾ ಬರುವುದರೊಳಗೆ ಕಾಕಾ ಕೂತಲ್ಲೇ ಹೊರಟುಹೋದರು. ಸಾನಿಕಾ ನನಗೆ ಫೋನ್ ಮಾಡಿದಳು, ನಾನು ನೇತ್ರ ಬ್ಯಾಂಕಿಗೆ ಮಾಡಿದೆ. ಬಂದ ಇಬ್ಬರು ಮರಾಠಿ ತರುಣರು ಒಳಗಿನ ಕೋಣೆಯಲ್ಲಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದರು. ಎರಡೂ ಚೆನ್ನಾಗಿವೆ ಎಂದರು. ಅವರು ಡಬ್ಬಿ ಎತ್ತಿಕೊಂಡು ಹೊಸ್ತಿಲಿಗೆ ಬಂದಾಗ, ಅಲ್ಲಿಯವರೆಗೆ ಗೋಡೆಗೊರಗಿ ಕೂತಿದ್ದ ಕಾಶಿಬಾಯಿ ಎದ್ದು ಬಂದರು.

"ಬಾಯಿ, ಇವರಿಗೆ ಹೇಳ್ರಿ," ಎಂದರು ನನಗೆ. "ಎಡಗಡೀದು ಯಾರಿಗೆ ಹಾಕ್ತಾರೋ ಅವರನ್ನ ಒಮ್ಮೆಲೇ ಬಿಸಲಿಗೆ ಕರಕೊಂಡು ಹೋಗಬ್ಯಾಡಂತ. ಅದಕ್ಕ ರೂಢಿ ಇಲ್ಲ."

ನಾನು ಮರಾಠಿಯಲ್ಲಿ ಹೇಳಿದೆ. ಡಬ್ಬಿ ಹಿಡಿದಿದ್ದ ತರುಣ ನಗಲಿಲ್ಲ. ತಲೆ ಬಾಗಿಸಿ, "ಸಾಂಗತೋ, ಆಜಿ" ಎಂದ. ಹೇಳುತ್ತೇನೆ, ಅಜ್ಜಿ.