ಹಲ್ಲಕ್ಕ ಬರೆದ ಕಾರಣ

ಹಲ್ಲು ಕಟ್ಟುವ ಕೆಲಸದಲ್ಲಿ ಹತ್ತೊಂಬತ್ತು ವರ್ಷ ಸವೆಸಿದವಳನ್ನು ಜನ ಇನ್ನೇನೆಂದು ಕರೆದಾರು? ಹಲ್ಲಕ್ಕ ಅಂದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಲ್ಲಕ್ಕ ಎಂದೇ ಕರೆಯುತ್ತಿದ್ದರು, ಅವಳೂ ಓ ಅನ್ನುತ್ತಿದ್ದಳು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದನ್ನು ನೋಡಿಕೊಂಡು ಪೂರ್ತಿ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಜಾಗ ಎಂದರೆ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಉದ್ದನೆಯ ಮೇಜು, ಗ್ಯಾಸಿನ ಉರಿ, ಮೇಣದ ಹಾಳೆ, ಮೂಲೆಯಲ್ಲಿ ಪ್ಲಾಸ್ಟರ್ ಚೀಲ. ಇನ್ನೊಂದರಲ್ಲಿ ಮಾಲೀಕರ ಕುರ್ಚಿ ಮತ್ತು ಮಾಲೀಕರ ಫ್ಯಾನು. ಎಷ್ಟು ಸಲ ಗುಡಿಸಿದರೂ ನೆಲದ ಮೇಲೆ ಬಿಳಿ ಪುಡಿ ಇದ್ದೇ ಇರುತ್ತಿತ್ತು.

ಆರು ತಿಂಗಳಿಂದ ಸಂಬಳ ಬಂದಿರಲಿಲ್ಲ.

ಮಾಲೀಕ ಬಯ್ಯುವ ಮನುಷ್ಯನಾಗಿದ್ದರೆ ಎರಡನೇ ತಿಂಗಳೇ ಜಗಳವಾಡಿ ಎದ್ದು ಬರಬಹುದಿತ್ತು. ಆದರೆ ಆತ ಬೆಣ್ಣೆಯಲ್ಲಿ ಕೂದಲು ತೆಗೆಯುವಂಥವನು. ಬೆಳಿಗ್ಗೆ ಬಂದವನೇ "ಅತ್ತೆಯವರ ಮಂಡಿನೋವು ಹೇಗಿದೆಯಮ್ಮಾ?" ಎಂದು ಕೇಳುತ್ತಿದ್ದ. ಸಂಬಳದ ಮಾತು ತೆಗೆದರೆ ಮುಖ ಸಣ್ಣದು ಮಾಡಿಕೊಂಡು, "ನೀನು ಬೇರೆಯವಳಾ? ತಂಗಿ ಇದ್ದ ಹಾಗೆ. ಮುಂದಿನ ವಾರ ಖಂಡಿತ" ಅನ್ನುತ್ತಿದ್ದ. ಮಂಡಿನೋವು ವಿಚಾರಿಸುವವನ ಕೊರಳಪಟ್ಟಿ ಹಿಡಿಯುವುದು ಹೇಗೆ? ಹಲ್ಲಕ್ಕನಿಗೆ ಬರದೇ ಇದ್ದ ವಿದ್ಯೆ ಅದೊಂದೇ.

ಇನ್ನೊಂದು ಕಟ್ಟೂ ಇತ್ತು. ಆ ಕೋಣೆಯಲ್ಲಿ ಒಬ್ಬರು ಜೋಡಿಸಿದ ಹಲ್ಲಿಗೆ ಇನ್ನೊಬ್ಬರು ಕೈ ಹಚ್ಚುತ್ತಿರಲಿಲ್ಲ. ಯಾರು ಮೇಣದಲ್ಲಿ ಮೊದಲ ಹಲ್ಲು ನಿಲ್ಲಿಸಿದರೋ ಅವರೇ ಕೊನೆಯ ಹೊಳಪಿನವರೆಗೂ ಮುಗಿಸಬೇಕು. ಕೈ ಬದಲಾದರೆ ನಗು ಬದಲಾಗುತ್ತದೆ ಎಂದು ಅವಳಿಗೆ ಕೆಲಸ ಕಲಿಸಿದವರು ಹೇಳಿದ್ದರು. ಮಾಲೀಕನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೂರನೇ ತಿಂಗಳಲ್ಲಿ ಹಲ್ಲಕ್ಕ, ಕೈಯಲ್ಲಿರುವ ಸೆಟ್ಟು ಮುಗಿಸಿ ಬಿಟ್ಟುಬಿಡೋಣ ಅಂದುಕೊಂಡಳು. ಸೆಟ್ಟು ಮುಗಿಯುವ ಹಿಂದಿನ ದಿನ ಇನ್ನೊಂದು ಅಚ್ಚು ಅವಳ ಮೇಜಿನ ಮೇಲೆ ಬಂದು ಕೂತಿತು. ಸರಿ, ಇದೊಂದು ಆಗಲಿ ಅಂದಳು. ಅದು ಮುಗಿಯುವ ಹೊತ್ತಿಗೆ ಮತ್ತೊಂದು. ಹೀಗೆ ಇದೊಂದು, ಇದೊಂದು ಅನ್ನುತ್ತಲೇ ಹದಿಮೂರು ಅಪರಿಚಿತರು ಹೊಸ ಹಲ್ಲಲ್ಲಿ ಊಟ ಮಾಡಿದರು. ಕಟ್ಟಿಕೊಟ್ಟವಳ ಮನೆಯಲ್ಲಿ ಎಣ್ಣೆಯ ಡಬ್ಬಿಯನ್ನು ತಲೆಕೆಳಗು ಮಾಡಿ ಇಡುವ ಹಾಗಾಯಿತು.

ಕಾಲಿಗೆ ಚಕ್ರ ಕಟ್ಟಿಕೊಂಡವಳಂತಾದಳು. ಬಸ್ ನಿಲ್ದಾಣದಲ್ಲಿ ನಿಲ್ಲಲಾರದೆ ಮುಂದಿನ ನಿಲ್ದಾಣಕ್ಕೆ ನಡೆದುಬಿಡುತ್ತಿದ್ದಳು. ಅಷ್ಟರಲ್ಲಿ ಬಸ್ಸು ಹಿಂದಿನಿಂದ ಬಂದು ದಾಟಿ ಹೋಗುತ್ತಿತ್ತು. ಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಗಂಡ ಶಾಲೆಯ ಬಸ್ಸು ಓಡಿಸುವವನು, ಮಾತು ಕಡಿಮೆ. ಅವನಿಗೆ ವಿಷಯ ಗೊತ್ತಿತ್ತು. ಅತ್ತೆಗೆ ಮಾತ್ರ ಹೇಳಿರಲಿಲ್ಲ. ಅತ್ತೆಗೆಂದೇನು, ಅಕ್ಕಪಕ್ಕದವರಿಗೆ, ತವರಿಗೆ, ಯಾರಿಗೂ ಹೇಳಿರಲಿಲ್ಲ. ದುಡಿದದ್ದಕ್ಕೆ ಕೂಲಿ ಸಿಗದಿದ್ದರೆ ನಾಚಬೇಕಾದವನು ಕೊಡದವನು. ಆದರೆ ಲೋಕದಲ್ಲಿ ನಾಚುವವರು ಸಿಗದವರೇ. ಇದೆಂಥ ನ್ಯಾಯವೋ!

ಅತ್ತೆ ಏನು ಕಡಿಮೆಯವರಲ್ಲ. ಸೊಸೆಯೇ ಮಾಡಿಕೊಟ್ಟ ಹಲ್ಲಿನ ಸೆಟ್ಟನ್ನು ಬಟ್ಟಲಿನಲ್ಲಿ ತೊಳೆಯುತ್ತಾ ಒಂದು ಸಂಜೆ ಅಂದರು: "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ನೀನು ಹಲ್ಲು ಕೊಟ್ಟೆ ಕಣೇ. ಕಡಲೆ ಎಲ್ಲಿ ಹೋಯ್ತು ಅಂತ ನಾನು ಕೇಳಲ್ಲ. ನೀನೇ ಹೇಳ್ತೀಯಾ ಅಂತ ಕಾಯ್ತಿದೀನಿ."

ಹಲ್ಲಕ್ಕ ಪಾತ್ರೆ ತೊಳೆಯಲು ಎದ್ದು ಹೋದಳು.

ಆ ವಾರವೇ ಪಾಲಿಶ್ ಮಾವ ಸಿಕ್ಕಿದ. ಅವಳ ಪಕ್ಕದ ಕುರ್ಚಿಯಲ್ಲಿ ಕೂತು ತನ್ನ ಪಾಲಿನ ಸೆಟ್ಟು ಕಟ್ಟುತ್ತಿದ್ದ ಮುದುಕ, ಅವನು ಕೊಡುವ ಹೊಳಪಿಗೇ ಆ ಹೆಸರು ಬಂದಿತ್ತು. ಮೂರು ತಿಂಗಳ ಹಿಂದೆ ಬಿಟ್ಟು ಹೋಗಿದ್ದ. ಮಧ್ಯಾಹ್ನ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಅವಳಿಗಾಗಿಯೇ ಕಾದು ಕೂತಿದ್ದ.

"ಕಾರ್ಮಿಕ ಇಲಾಖೆಗೆ ಹೋಗಿದ್ದೆ ಹಲ್ಲಕ್ಕ, ಬಾಕಿ ಸಂಬಳ ಕೇಳೋಕೆ" ಅಂದ. "ನಮ್ಮ ಸಾರು ಅಲ್ಲಿ ನನ್ನ ರಾಜೀನಾಮೆ ತೆಗೆದು ಟೇಬಲ್ ಮೇಲೆ ಇಟ್ರು. 'ವೈಯಕ್ತಿಕ ಕಾರಣದಿಂದ ಬಿಡುತ್ತಿದ್ದೇನೆ, ಸಂಸ್ಥೆಗೆ ಕೃತಜ್ಞ' ಅಂತ ನನ್ನ ಕೈಬರಹದಲ್ಲೇ ಇದೆ. ಸಂಬಳ ಬಾಕಿ ಇದ್ದಿದ್ರೆ ಯಾರಾದ್ರೂ ಹೀಗೆ ಬರೀತಾರಾ ಅಂತ ಕೇಳಿದ್ರು ಇಲಾಖೆ ಸಾಹೇಬರು. ನಾನೇನು ಹೇಳ್ಲಿ?"

"ಹಾಗ್ಯಾಕೆ ಬರೆದೆ ಮಾವ?"

"ಸಾರೇ ಹೇಳಿ ಬರೆಸಿದ್ರು. ಎಲ್ಲರೂ ಹೀಗೇ ಬರೆಯೋದು, ಮರ್ಯಾದೆ ಅಂದ್ರು. ಮರ್ಯಾದೆ ಅಂದ ಮೇಲೆ ಬರೆದೆ." ಮುದುಕ ತನ್ನ ಹಣೆ ಬಡಿದುಕೊಂಡ. "ಕೇಸು ಇನ್ನೂ ಎಳೀತಾ ಇದೆ. ನೀನಾದ್ರೂ ನಿಜ ಬರಿ. ಬರೆದು, ತಲುಪಿತು ಅಂತ ಪ್ರತಿಯ ಮೇಲೆ ಸಹಿ ಹಾಕಿಸ್ಕೋ. ಇಲ್ಲದಿದ್ರೆ ನಿನ್ನ ಆರು ತಿಂಗಳೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ."

ಹಲ್ಲಕ್ಕ ಬರೆಯಲು ಕೂತಳು. ನಿಜ ಬರೆಯುವುದು ಅಷ್ಟು ಸುಲಭವಾ? ಮೊದಲ ಕಾಗದದಲ್ಲಿ ಹತ್ತೊಂಬತ್ತು ವರ್ಷ ಅನ್ನ ಕೊಟ್ಟ ಸಂಸ್ಥೆಗೆ ವಂದನೆ, ಮಾಲೀಕರ ಕುಟುಂಬಕ್ಕೆ ಆಯುರಾರೋಗ್ಯ, ತನ್ನಿಂದಾದ ತಪ್ಪಿಗೆ ಕ್ಷಮೆ. ಸಂಬಳದ ಸುದ್ದಿಯೇ ಇಲ್ಲ. ಗಂಡ ಓದಿ, "ಇದು ರಾಜೀನಾಮೆನಾ, ಮದುವೆ ಕರೆಯೋಲೆನಾ?" ಅಂದ. ಅವಳು ಸಿಟ್ಟಿನಿಂದ ಹರಿದು ಹಾಕಿದಳು. ಏಳನೇ ಕಾಗದದಲ್ಲಿ ಮೂರೇ ಸಾಲು ಉಳಿಯಿತು: ಆರು ತಿಂಗಳಿಂದ ನನಗೆ ಸಂಬಳ ಕೊಟ್ಟಿಲ್ಲ. ಆ ಕಾರಣದಿಂದಲೇ ಇಂದು ಕೆಲಸ ಬಿಡುತ್ತಿದ್ದೇನೆ. ಬಾಕಿಯನ್ನು ಕೂಡಲೇ ಕೊಡಬೇಕು. ಎರಡು ಪ್ರತಿ ಮಾಡಿದಳು. ಬರೆದದ್ದನ್ನು ಓದುವಾಗ ತಾನೇ ಯಾರದೋ ಮನೆಗೆ ಕನ್ನ ಹಾಕಿದವಳಂತೆ ಎದೆ ಹೊಡೆದುಕೊಂಡಿತು.

ಮಾರನೇ ಬೆಳಿಗ್ಗೆ ಕೈಯಲ್ಲಿದ್ದ ಸೆಟ್ಟಿಗೆ ಕೊನೆಯ ಹೊಳಪು ಕೊಟ್ಟು, ಡಬ್ಬಿಯಲ್ಲಿಟ್ಟು, ಒಳಕೋಣೆಗೆ ಹೋಗಿ ಎರಡೂ ಪ್ರತಿ ಇಟ್ಟಳು. ಮಾಲೀಕ ಓದಿದ. ಮತ್ತೆ ಓದಿದ. ಫ್ಯಾನು ಕಾಗದವನ್ನು ಎತ್ತಿ ಎತ್ತಿ ಹಾಕುತ್ತಿತ್ತು.

"ಇದನ್ನ ಯಾರು ಬರೆದುಕೊಟ್ರಮ್ಮಾ?"

"ನಾನೇ ಸರ್."

"ಹತ್ತೊಂಬತ್ತು ವರ್ಷದ ಸಂಬಂಧ ಇಷ್ಟೇನಾ?" ಆತನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಡ್ರಾಯರಿನಿಂದ ಒಂದು ಲಕೋಟೆ ತೆಗೆದ. "ಇದರಲ್ಲಿ ಒಂದು ತಿಂಗಳದ್ದು ಇದೆ. ಈಗಲೇ ತಗೋ. ಕಾರಣದ ಸಾಲು ಮಾತ್ರ ಬದಲಾಯಿಸು. ವೈಯಕ್ತಿಕ ಅಂತ ಬರಿ, ಸಾಕು."

ಹಲ್ಲಕ್ಕ ಲಕೋಟೆ ನೋಡಿದಳು. ತಗೊಳ್ಳಬೇಕು ಅನ್ನಿಸಿತು, ಅನ್ನಿಸಲಿಲ್ಲ ಎಂದರೆ ಸುಳ್ಳು. "ಪ್ರತಿಯ ಮೇಲೆ ಸಹಿ ಹಾಕಿ ಸರ್. ಹೊರಗೆ ಕೂತಿರ್ತೀನಿ" ಅಂದು ಹಿಂದೆ ನೋಡದೆ ಬಂದು ತನ್ನ ಕುರ್ಚಿಯಲ್ಲಿ ಕೂತಳು.

ಅದೇ ಹೊತ್ತಿಗೆ ಕ್ಲಿನಿಕ್ಕಿನಿಂದ ಹೊಸ ಅಚ್ಚು ಬಂತು. ಮಾಲೀಕನೇ ತಂದು ಅವಳ ಮುಂದೆ ಇಟ್ಟ. ಒದ್ದೆ ಹತ್ತಿಯಲ್ಲಿ ಸುತ್ತಿದ ತಿಳಿಗುಲಾಬಿ ಅಚ್ಚು. ಇಂಥದಕ್ಕೆ ಅರ್ಧ ಗಂಟೆಯೊಳಗೆ ಪ್ಲಾಸ್ಟರ್ ಸುರಿಯಬೇಕು. ತಡವಾದರೆ ಒಣಗಿ ಕುಗ್ಗುತ್ತದೆ, ಅದರ ಮೇಲೆ ಕಟ್ಟಿದ ಹಲ್ಲು ಯಾವ ಬಾಯಿಗೂ ಕೂರುವುದಿಲ್ಲ. ಚೀಟಿಯಲ್ಲಿ ಬರೆದಿತ್ತು: ಅಜ್ಜಿ, ವಯಸ್ಸು ಎಂಬತ್ತೊಂದು, ವಾಕರಿಕೆ ಹೆಚ್ಚು, ಮೂರನೇ ಸಲಕ್ಕೆ ಅಚ್ಚು ಸರಿ ಬಂತು.

ಮೂರು ಸಲ ಬಾಯಿ ತೆರೆದು, ವಾಕರಿಸಿ, ಕಣ್ಣೀರು ಸುರಿಸಿದ ಅಜ್ಜಿ. ಹಲ್ಲಕ್ಕನ ಬೆರಳುಗಳು ತಾವಾಗಿಯೇ ಪ್ಲಾಸ್ಟರ್ ಕಲಸುವ ಬಟ್ಟಲಿನ ಕಡೆಗೆ ಹೋದವು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತಳು.

ಐದು ನಿಮಿಷ. ಹತ್ತು ನಿಮಿಷ. ಮಾಲೀಕ ಬಾಗಿಲಲ್ಲಿ ಬಂದು ನಿಂತ. "ಪಾಪ, ಆ ಅಜ್ಜಿ ಏನು ಮಾಡಿದಾಳಮ್ಮಾ ನಿನಗೆ?"

"ಸಹಿ ಹಾಕಿ ಸರ್, ಸುರೀತೀನಿ."

"ಮೊದಲು ಸುರಿ, ಆಮೇಲೆ ಹಾಕ್ತೀನಿ."

"ಮುಂದಿನ ವಾರ ಅಂತ ಆರು ತಿಂಗಳು ಕೇಳಿದೀನಿ. ಮೊದಲು ಸಹಿ. ಇಲ್ಲಾಂದ್ರೆ ನೀವೇ ಸುರಿಯಿರಿ, ನಿಮಗೂ ಬರುತ್ತಲ್ಲ."

ಆತ ಬಟ್ಟಲು ಕೈಗೆ ತಗೊಂಡ. ಪ್ಲಾಸ್ಟರ್ ಮುಟ್ಟಿ ಹದಿನೈದು ವರ್ಷವಾಗಿತ್ತು. ಚೀಲದ ಬಾಯಿ ಬಿಚ್ಚಿದ, ತನ್ನ ಇಸ್ತ್ರಿ ಮಾಡಿದ ಅಂಗಿ ನೋಡಿಕೊಂಡ, ಬಟ್ಟಲು ಕೆಳಗಿಟ್ಟು ಒಳಗೆ ಹೋದ. ಅವಳು ಏನೇ ಆದರೂ ಸುರಿದೇ ಸುರಿಯುತ್ತಾಳೆ ಎಂಬ ನಂಬಿಕೆ ಆತನದು. ಹತ್ತೊಂಬತ್ತು ವರ್ಷದಲ್ಲಿ ಒಂದು ಅಚ್ಚನ್ನೂ ಕೆಡಿಸದವಳು. ನಂಬಿಕೆ ತಪ್ಪೇನಲ್ಲ, ಇಪ್ಪತ್ತೆಂಟನೇ ನಿಮಿಷದಲ್ಲಿ ಹಲ್ಲಕ್ಕ ಎದ್ದೇಬಿಟ್ಟಿದ್ದಳು. ಎದ್ದವಳು ಕಿಟಕಿಯವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಹಲ್ಲು ಕಚ್ಚಿಕೊಂಡು, ಅಳುತ್ತಾ, ಆ ಉದ್ದದ ಮೇಜಿನ ಸುತ್ತ ಗಾಣದೆತ್ತಿನಂತೆ ಸುತ್ತಿದಳೇ ಹೊರತು ಬಟ್ಟಲು ಮುಟ್ಟಲಿಲ್ಲ.

ನಲವತ್ತನೇ ನಿಮಿಷಕ್ಕೆ ಮಾಲೀಕ ಹೊರಗೆ ಬಂದು ಪ್ರತಿಯ ಮೇಲೆ ಸಹಿ ಗೀಚಿ, ತಾರೀಖು ಹಾಕಿ, ಪೆನ್ನು ಮೇಜಿನ ಮೇಲೆ ಎಸೆದ. "ತಗೋ. ಈಗ ಸುರಿ."

ಅವಳು ಹತ್ತಿ ಸರಿಸಿ ಅಚ್ಚಿನ ಅಂಚನ್ನು ಬೆರಳಿಂದ ಮುಟ್ಟಿ ನೋಡಿದಳು. ಒಣಗಿ ಒಳಕ್ಕೆ ಸೆಟೆದಿತ್ತು.

"ತಡ ಆಯ್ತು ಸರ್" ಅಂದಳು.

ಕಾಗದವನ್ನು ಮಡಚಿ ಚೀಲಕ್ಕೆ ಹಾಕಿ ಮೆಟ್ಟಿಲಿಳಿದಳು. ಗೆದ್ದ ಸಂತೋಷ ಹುಡುಕಿದರೂ ಸಿಗಲಿಲ್ಲ. ಎದೆಯಲ್ಲಿ ಇದ್ದದ್ದು ಆ ಅಜ್ಜಿಯೊಬ್ಬಳೇ. ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹೋಗಿ, ನಿಂತು, ಕ್ಲಿನಿಕ್ಕಿಗೆ ಫೋನು ಮಾಡಿದಳು. ಅಲ್ಲಿನ ನರ್ಸಿಗೆ ಅವಳ ದನಿ ಗೊತ್ತಿತ್ತು.

"ಬೆಳಿಗ್ಗೆ ಕಳಿಸಿದ ಅಚ್ಚು ಕೆಟ್ಟುಹೋಯ್ತು ಸಿಸ್ಟರ್. ಇನ್ನೊಂದು ಸಲ ತೆಗೀಬೇಕು."

"ಅಯ್ಯೋ, ಹೇಗೆ ಕೆಡ್ತು? ಅಜ್ಜಿ ಇನ್ನೂ ಇಲ್ಲೇ ಕೂತಿದಾರೆ, ಆಟೋ ಬಂದಿಲ್ಲ ಅಂತ."

"ನಾನೇ ಕೆಡಿಸಿದೆ. ಬೇಕಂತಲೇ."

"ನೀವಾ? ಯಾಕಕ್ಕಾ?"

ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದವರು, ಔಷಧಿ ಅಂಗಡಿಯವನು, ಎಲ್ಲರೂ ಮಾತು ಕೇಳಿಸುವಷ್ಟು ಹತ್ತಿರದಲ್ಲಿದ್ದರು. ಹಲ್ಲಕ್ಕ ದನಿ ತಗ್ಗಿಸಲಿಲ್ಲ.

"ಆರು ತಿಂಗಳಿಂದ ನನಗೆ ಸಂಬಳ ಕೊಟ್ಟಿಲ್ಲ. ಅದಕ್ಕೇ ಕೆಲಸ ಬಿಟ್ಟೆ. ಅದಕ್ಕೇ ಕೆಡ್ತು."

"ಈಗ ಅಜ್ಜಿಗೆ ನಾನು ಏನಂತ ಹೇಳ್ಲಿ?"

"ಇದನ್ನೇ ಹೇಳಿ" ಅಂದಳು ಹಲ್ಲಕ್ಕ. "ಇಲ್ಲ, ಬೇಡ. ಅವರಿಗೇ ಫೋನು ಕೊಡಿ, ನಾನೇ ಹೇಳ್ತೀನಿ."