ಒಲೆಗೆ ಬಿದ್ದ ಕಡ್ಡಿಯಾಟ

“ಅಯ್ಯಯ್ಯ, ಬಾಣಂತಿ ಇರೋ ಮನಿಗೆ ಮಾಟದ ಕಡ್ಡಿ ತಂದೀರೇನ್ರೀ ಬೀಗರ?” ಕಮಲಾಪುರದ ನಮ್ಮ ಬೀಗತಿ ಹೀಗೆ ಚೀರಿ, ನನ್ನ ಕೈಯಲ್ಲಿದ್ದ ಡಬ್ಬಿ ಕಸಿದು, ದಾರ ಕಿತ್ತು, ಒಲೆಗೆ ಸುರಿದೇಬಿಟ್ಟರು.

ನೆಲದ ಮೇಲೆ ಸುರಿದ ಕಡ್ಡಿಗಳನ್ನು ಉಳಿದವು ಅಲುಗದಂತೆ ಒಂದೊಂದಾಗಿ ಎತ್ತುವ ಆಟವದು. ತವರಿನಲ್ಲಿ ಹೆತ್ತ ತನ್ನ ತಾಯಿಯನ್ನೂ ಕೂಸನ್ನೂ ನೋಡಲು ಹೊರಟ ಮೊಮ್ಮಗಳಿಗಾಗಿ ಕಲಬುರ್ಗಿಯಲ್ಲಿ ನಾನೇ ಮಾಡಿದ್ದೆ. ಉರಿದುಳಿದ ಇಪ್ಪತ್ತೊಂದು ಊದುಬತ್ತಿ ಕಡ್ಡಿಗಳನ್ನು ಸಮನಾಗಿ ಕತ್ತರಿಸಿ, ಅರಿಶಿನ ಕುಂಕುಮದ ಬಣ್ಣ ಹಚ್ಚಿ, ಒಳಗಿನದು ಕಾಣುವ ಟೂತ್‌ಬ್ರಷ್ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಚ್ಚದಿರಲೆಂದು ಕರಿದಾರ ಸುತ್ತಿದ್ದೆ.

“ಅದು ನನ್ನ ಆಟ ಐತಿ!” ಎಂದು ಮೊಮ್ಮಗಳು ಅತ್ತಳು. ಬೀಗತಿ ಮಾತ್ರ ಮಾಟ ತೊಳೆದುಹೋಗಲೆಂದು ಬಾಗಿಲಿಗೆ ನೀರು ಹಾಕುತ್ತಿದ್ದರು.

ಅವರು ಇಂದಿಗೂ ತಪ್ಪಾಯಿತೆಂದಿಲ್ಲ, ನಾನೂ ಮರೆತಿಲ್ಲ. ಅಂದು ಸಂಜೆ ಮೊಮ್ಮಗಳು ಅವರ ಹೊಸ ಕಸಬರಿಗೆಯಿಂದ ಕಡ್ಡಿ ಕೀಳುವಾಗ, ಇಪ್ಪತ್ತೊಂದಾಗುವವರೆಗೆ ಎಣಿಸಿಕೊಟ್ಟವನು ನಾನೇ. ಬಣ್ಣ ಮಾತ್ರ ಹಚ್ಚಲಿಲ್ಲ.