ಪೆನ್ಸಿಲ್ ಕೆಳಗಿಟ್ಟರೇ, ಇಲ್ಲವೇ?

ಆರ್ಡಿತ್ ಪ್ರೂಯೆಟ್ ಬೇಕೆಂದೇ ಕೀಲಿ ತಿರುಗಿಸಿದಳು ಎಂದು ಒಂಬತ್ತು ವರ್ಷ ನಂಬಿದವರಲ್ಲಿ ನಾನೂ ಒಬ್ಬಳು. ನಂಬಿದೆ ಎನ್ನುವುದೂ ತಪ್ಪೇ. ಯಾರನ್ನೂ ನಂಬಿ ನನಗೆ ಅಭ್ಯಾಸವಿಲ್ಲ. ನಮ್ಮ ರಾಜ್ಯದ ವಿಧಾನಸಭೆಯ ನೆಲಮಾಳಿಗೆಯಲ್ಲಿ ಮೂವತ್ತನಾಲ್ಕು ವರ್ಷದಿಂದ ಕಾಫಿ ಅಂಗಡಿ ನಡೆಸುತ್ತಿದ್ದೇನೆ. ಮೇಲೆ ಗಂಟಲು ಹರಿಯುವಂತೆ ಜಗಳವಾಡಿದವರು ಕೆಳಗೆ ಬಂದು ಒಂದೇ ತಟ್ಟೆಯಲ್ಲಿ ಹಣ್ಣು ತುಂಬಿದ ಪೈ ಹಂಚಿಕೊಂಡು ತಿನ್ನುವುದನ್ನು ದಿನಾ ನೋಡುವವಳು ಅನುಮಾನ ಪಡದೆ ಇನ್ನೇನು ಮಾಡಬೇಕು?

ಆರ್ಡಿತ್ ನದಿಯಾಚೆಯ ಒಂದು ಸಣ್ಣ ಊರಿನವಳು. ಇಪ್ಪತ್ತೆರಡನೇ ವಯಸ್ಸಿಗೆ ಟೈಪಿಸ್ಟ್ ಆಗಿ ಬಂದಳು. ಬೂದು ಬಣ್ಣದ ಎರಡು ಸ್ವೆಟರ್, ಒಂದು ಟಿಫಿನ್ ಡಬ್ಬಿ, ಬೇಡದ ಮಾತು ಒಂದೂ ಇಲ್ಲ. ಅವಳ ಕೈ ನಡುಗುವುದಿಲ್ಲ ಎಂದು ಕಂಡುಕೊಂಡ ಮುಖ್ಯ ಗುಮಾಸ್ತರು ಅವಳನ್ನು ಸ್ಪೀಕರ್ ಪೀಠದ ಕೆಳಗಿನ ಮೇಜಿಗೆ, ಮತದ ಕೀಲಿ ಇರುವ ಕುರ್ಚಿಗೆ ಹಾಕಿದರು. ಕ್ಲೆಮೆಂಟ್ ಹ್ಯಾಲರನ್ ಮೊದಲ ಸಲ ಸ್ಪೀಕರ್ ಆಗಿ ಮೇಲಿನ ಕುರ್ಚಿಯಲ್ಲಿ ಕೂತದ್ದೂ ಅದೇ ವಾರ. ಮುಂದೆ ಹದಿನೆಂಟು ವರ್ಷ ಅವರ ಬೂಟಿನ ತುದಿ ಇವಳ ನೆತ್ತಿಯಿಂದ ಮೂರಡಿ ದೂರದಲ್ಲಿತ್ತು.

ಹ್ಯಾಲರನ್ ಸಾಹೇಬರ ಬಗ್ಗೆ ಹೇಳದೆ ಆರ್ಡಿತಳ ಕಥೆ ಹೇಳಲಾಗದು. ರೈಲು ಯಾರ್ಡಿನ ಕೂಲಿಯ ಮಗ. ಇಪ್ಪತ್ತೆಂಟಕ್ಕೆ ಶಾಸಕ, ನಲವತ್ತೊಂದಕ್ಕೆ ಸ್ಪೀಕರ್, ಆಮೇಲೆ ರಾಜ್ಯ ಆಳಲು ಜನ ಆರಿಸಿದ ಏಳು ಮಂದಿ ಗವರ್ನರ್‌ಗಳು ಬಂದರು, ಹೋದರು, ಇವರು ಅಲ್ಲಾಡಲಿಲ್ಲ. ಯಾವ ಬಿಲ್ಲು ಬದುಕಬೇಕು, ಯಾವುದು ಸಮಿತಿಯ ಡ್ರಾಯರಿನಲ್ಲಿ ಉಸಿರುಗಟ್ಟಿ ಸಾಯಬೇಕು ಎಂದು ಇವರೇ ತೀರ್ಮಾನಿಸುತ್ತಿದ್ದರು. ಕೈಯಲ್ಲಿ ಸದಾ ಒಂದು ಹಳದಿ ಪೆನ್ಸಿಲ್. ಆದರೆ ಅವರು ಬರೆದದ್ದನ್ನು ನೋಡಿದೆ ಎನ್ನುವವರು ಈ ಕಟ್ಟಡದಲ್ಲಿ ಒಬ್ಬರೂ ಇಲ್ಲ.

ಬೆಳಗ್ಗೆ ಏಳಕ್ಕೆ ಸರಿಯಾಗಿ ನನ್ನ ಅಂಗಡಿಗೆ ಬರುತ್ತಿದ್ದರು. ಒಂದು ಬೇಯಿಸಿದ ಮೊಟ್ಟೆ, ಉಪ್ಪಿಲ್ಲದೆ, ಜೊತೆಗೆ ಕಪ್ಪು ಟೀ. ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ ಎಲ್ಲರ ಕ್ಷೇಮ ವಿಚಾರಿಸುತ್ತಿದ್ದರು.

"ಬ್ಲಾಂಚ್, ನಿನ್ ಮೊಣಕಾಲು ಹೇಗಿದೆ? ಆ ಬಾಗಿಲು ಕಾಯೋ ಗ್ರೇಡಿ ಹೆಂಡ್ತಿಗೆ ಆಪರೇಷನ್ ಆಯ್ತಂತಲ್ಲ?"

"ಆಯ್ತು ಸಾಹೇಬ್ರೇ. ಈಗ ಸೂಪು ಕುಡೀತಿದ್ದಾಳಂತೆ."

ಎಷ್ಟು ಒಳ್ಳೆಯ ಮನುಷ್ಯ ಎಂದು ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಆ ಕ್ಷೇಮ ಸಮಾಚಾರದ ಮೇಲೆ ಯಾವಾಗಲೂ ಒಂದು ಕಣ್ಣಿತ್ತು. ಆದರೂ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದೆ. ಸ್ಪೀಕರ್ ಕೇಳಿದರೆ ಕೊಡದೆ ಇರುವುದು ಹೇಗೆ?

ಈಗ ಕೀಲಿಯ ವಿಷಯ. ನಮ್ಮ ಶಾಸಕರು ಮೇಜಿನ ಮೇಲಿನ ಗುಂಡಿ ಒತ್ತಿ ಮತ ಹಾಕುತ್ತಾರೆ. ಗೋಡೆಯ ದೊಡ್ಡ ಫಲಕದಲ್ಲಿ ಹೆಸರಿನ ಮುಂದೆ ಹಸಿರೋ ಕೆಂಪೋ ದೀಪ ಹತ್ತುತ್ತದೆ. ಸ್ಪೀಕರ್, "ಮತ ಹಾಕಬೇಕಾದವರೆಲ್ಲ ಹಾಕಿದ್ದೀರಾ?" ಎಂದು ಮೂರು ಸಲ ಕೇಳಿ, "ದಾಖಲಿಸಿ" ಎನ್ನುತ್ತಾರೆ. ಗುಮಾಸ್ತೆ ಕೀಲಿ ತಿರುಗಿಸುತ್ತಾಳೆ. ಫಲಕಕ್ಕೆ ಬೀಗ ಬಿತ್ತು, ಆಮೇಲೆ ದೇವರು ಬಂದರೂ ದೀಪ ಬದಲಾಗದು. ಪುಸ್ತಕದಲ್ಲಿ ಇರುವುದು ಇಷ್ಟೇ.

ಪುಸ್ತಕದಲ್ಲಿ ಇಲ್ಲದ್ದು ಪೆನ್ಸಿಲ್. ಮಾತು ಗ್ಯಾಲರಿಯಲ್ಲಿ ಕೂತವರಿಗೆ, ಪೆನ್ಸಿಲ್ ಆರ್ಡಿತಳಿಗೆ. ಸಾಹೇಬರು ಬಾಯಲ್ಲಿ ಎಷ್ಟು ಸಲ "ದಾಖಲಿಸಿ" ಎಂದರೂ ಪೆನ್ಸಿಲ್ ಕೈಯಲ್ಲಿದ್ದರೆ ಅವಳು ಕೀಲಿ ಮುಟ್ಟುವ ಹಾಗಿಲ್ಲ. ಮತ ಕಡಿಮೆ ಬಿದ್ದಿದೆ, ಯಾರನ್ನೋ ಎಳೆದು ತರಲು ಜನ ಓಡಿದ್ದಾರೆ ಎಂದು ಅರ್ಥ. ಪೆನ್ಸಿಲ್ ಮೇಜಿನ ಮೇಲೆ ಮಲಗಿತೋ, ಆ ಕ್ಷಣ ಕೀಲಿ ತಿರುಗಬೇಕು. ಗ್ರೇಡಿ ಮೆಟ್ಟಿಲಿಳಿದು ಓಡಿ ಬಂದು ನನ್ನ ಅಂಗಡಿಯಿಂದ ಶಾಸಕರನ್ನು ಬಾಯಲ್ಲಿ ಸ್ಯಾಂಡ್‌ವಿಚ್ ಇದ್ದ ಹಾಗೇ ಎಳೆದೊಯ್ದದ್ದು ಎಷ್ಟು ಸಲವೋ. ಹದಿನೆಂಟು ವರ್ಷದಲ್ಲಿ ಆರ್ಡಿತ್ ಒಮ್ಮೆಯೂ ತಪ್ಪಲಿಲ್ಲ.

ಅವಳಿಗೊಬ್ಬ ತಮ್ಮ, ಲೈಲ್. ಹುಟ್ಟಿನಿಂದ ಬುದ್ಧಿ ಬೆಳೆಯದವನು. ಹನ್ನೊಂದನೇ ವಯಸ್ಸಿನಿಂದ ಫೆರಿಸ್ ಕ್ರೀಕ್‌ನ ಸರ್ಕಾರಿ ಆಶ್ರಯಧಾಮದಲ್ಲಿ ಇದ್ದ. ಟೊಮೆಟೊ ಸಸಿ ಬೆಳೆಸುತ್ತಿದ್ದ. ಒಮ್ಮೆ ಅವನ ಮಂಚವನ್ನು ಪಕ್ಕದ ಕಟ್ಟಡಕ್ಕೆ ಹಾಕಿದ್ದಕ್ಕೆ ಮೂರು ವಾರ ಅನ್ನಾಹಾರ ಬಿಟ್ಟು, ಕೊನೆಗೆ ಮೂಗಿಗೆ ನಳಿಗೆ ಹಾಕಬೇಕಾಯಿತು. ಅವಳು ಶನಿವಾರ ಶನಿವಾರ ಬಸ್ಸು ಹತ್ತಿ ಹೋಗುತ್ತಿದ್ದುದು ಅಲ್ಲಿಗೆ. ಮನೆಯಲ್ಲಿ ಅಂಥವರಿದ್ದರೆ ಹೊರಗೆ ಹೇಳಿಕೊಳ್ಳದ ಕಾಲದವಳು, ಹಾಗಾಗಿ ಕಚೇರಿಯಲ್ಲಿ ಬಾಯಿ ಬಿಡಲಿಲ್ಲ.

ಆಗಿನ ಗವರ್ನರ್ ಆ ಧಾಮವನ್ನು ಮುಚ್ಚಲು ಬಿಲ್ಲು ತಂದರು. ಇದ್ದವರನ್ನೆಲ್ಲ ನಾಲ್ಕು ಗಂಟೆ ದಾರಿಯ ಇನ್ನೊಂದು ಊರಿಗೆ ಸಾಗಿಸುವುದು. ಸಾಹೇಬರು ಪಾಸು ಮಾಡಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಅದಕ್ಕೆ ಬದಲಾಗಿ ಅವರ ಕ್ಷೇತ್ರದ ಸೇತುವೆಗೆ ಗವರ್ನರ್ ಆಗಲೇ ಸಹಿ ಹಾಕಿದ್ದರು. ಧಾಮದಲ್ಲಿ ಕೆಲಸ ಮಾಡುವ ನಾನೂರು ಮಂದಿ ಸಾಹೇಬರ ಪಕ್ಷಕ್ಕೆ ಮನೆ ಮನೆ ತಿರುಗುವ ಜನ ಎಂಬುದನ್ನು ಗವರ್ನರ್ ಮರೆತಿದ್ದರು ಎಂದು ಕಾಣುತ್ತದೆ. ಸಾಹೇಬರು ಮರೆಯುವವರಲ್ಲ.

ಮೇ ತಿಂಗಳ ಕೊನೆಯ ದಿನ, ಮಧ್ಯಾಹ್ನ ಮೂರು ಗಂಟೆ. ನನ್ನ ಅಂಗಡಿಯಲ್ಲಿ ಶಾಸಕ ಡಫೀಲ್ಡ್ ಒಬ್ಬನೇ ಕೂತು ಎರಡನೇ ಚೆರ್ರಿ ಪೈಗೆ ಕೈ ಹಾಕಿದ್ದ. ಗೋಡೆಯ ಧ್ವನಿವರ್ಧಕದ ಪೆಟ್ಟಿಗೆಯಿಂದ ಮೇಲಿನ ಕಲಾಪ ಕೇಳಿಸುತ್ತಿತ್ತು.

"ಮೇಲೆ ಧಾಮದ ಬಿಲ್ಲು ನಡೀತಿದೆ. ನೀವು ಇಲ್ಲಿ ಕೂತಿದ್ದೀರಲ್ಲ?" ಎಂದೆ.

"ಹೋಗಿ ಹೊಟ್ಟೆಗೆ ಏನಾದ್ರೂ ಹಾಕ್ಕೋ, ಬೇಕಾದಾಗ ಗ್ರೇಡಿನ ಕಳಿಸ್ತೀನಿ ಅಂತ ಸ್ಪೀಕರ್ರೇ ಹೇಳಿದ್ದಾರೆ. ನಿಮಗ್ಯಾಕ್ರೀ ಚಿಂತೆ? ಇನ್ ಸ್ವಲ್ಪ ಕ್ರೀಮ್ ಹಾಕಿ."

ಪೆಟ್ಟಿಗೆಯಲ್ಲಿ ಸಾಹೇಬರ ದನಿ ಒಂದು ಸಲ ಕೇಳಿತು, ಎರಡು ಸಲ, ಮೂರು ಸಲ. "ದಾಖಲಿಸಿ." ನಾವಿಬ್ಬರೂ ಮೆಟ್ಟಿಲ ಕಡೆ ನೋಡಿದೆವು. ಗ್ರೇಡಿ ಬರಲಿಲ್ಲ. ಕೀಲಿ ತಿರುಗಿದ ಗಂಟೆ ಹೊಡೆಯಿತು. ಪರವಾಗಿ ಐವತ್ತೊಂಬತ್ತು, ಬೇಕಾದದ್ದು ಅರವತ್ತು, ಬಿಲ್ಲು ಬಿದ್ದುಹೋಯಿತು. ಡಫೀಲ್ಡನ ಕೈಯಲ್ಲಿದ್ದ ಫೋರ್ಕ್ ತಟ್ಟೆಗೆ ಬಿತ್ತು.

"ಅಯ್ಯೋ, ಅರವತ್ತನೆಯವನು ನಾನೇ ಅಲ್ವೇನ್ರೀ!"

ಮೇಲೆ ಕೋಲಾಹಲ. ಪೆನ್ಸಿಲ್ ಇನ್ನೂ ಕೈಯಲ್ಲೇ ಇತ್ತು, ಅವಳು ಅವಸರಪಟ್ಟು ಕೀಲಿ ತಿರುಗಿಸಿದಳು ಎಂದು ಸುದ್ದಿ ಹಬ್ಬಿತು. ಮುಖ್ಯ ಗುಮಾಸ್ತರು ಎಲ್ಲರ ಎದುರಿಗೇ ಕೇಳಿದರಂತೆ, "ಸಾಹೇಬ್ರು ಪೆನ್ಸಿಲ್ ಕೆಳಗಿಟ್ರಾ, ಇಲ್ವಾ ಹೇಳಮ್ಮ." ಅವಳು ಎರಡೇ ಮಾತು ಹೇಳಿದಳು. "ನನ್ನ ತಪ್ಪು."

ಮೂರನೇ ದಿನ ಪತ್ರಿಕೆಯಲ್ಲಿ ಲೈಲನ ಫೋಟೋ, ಎರಡೂ ಕೈಯಲ್ಲಿ ಟೊಮೆಟೊ ಸಸಿ ಹಿಡಿದು ನಗುತ್ತಿದ್ದ. ತಮ್ಮನಿಗಾಗಿ ಅಕ್ಕ ಮಾಡಿದ ಕೆಲಸವೇ ಎಂದು ತಲೆಬರಹ. ಹತ್ತಿರದವರಿಗೆ ಸಂಬಂಧಪಟ್ಟ ಬಿಲ್ಲು ಬಂದರೆ ಗುಮಾಸ್ತರು ಆ ದಿನ ಕುರ್ಚಿ ಬಿಟ್ಟು ಏಳಬೇಕೆಂಬುದು ನಿಯಮ. ಅವಳು ಎದ್ದಿರಲಿಲ್ಲ. ಅಷ್ಟು ಸಾಕಾಯಿತು. ಆ ಫೋಟೋ ನೋಡಿದ ಮೇಲೆ ಇನ್ನೊಮ್ಮೆ ಹಸಿರು ಗುಂಡಿ ಒತ್ತಲು ಶಾಸಕರಿಗೂ ಧೈರ್ಯ ಬರಲಿಲ್ಲ, ಧಾಮ ಉಳಿಯಿತು. ಸಾಹೇಬರು ಗವರ್ನರ್ ಎದುರು ಕೈ ಚೆಲ್ಲಿದರು. ಪತ್ರಕರ್ತರಿಗೆ, "ಹದಿನೆಂಟು ವರ್ಷ ದುಡಿದ ಹೆಣ್ಣುಮಗಳು, ಕೈ ತಪ್ಪಿದೆ, ಕೆಲಸದಿಂದ ತೆಗೀಬೇಡಿ ಅಂತ ನಾನೇ ಕೇಳ್ಕೊಂಡಿದ್ದೀನಿ" ಎಂದರು. ಮತ್ತೊಮ್ಮೆ ಜನ ಕಣ್ಣೊರೆಸಿಕೊಂಡರು. ಆರ್ಡಿತಳನ್ನು ನೆಲಮಾಳಿಗೆಯ ಹಳೆ ಕಡತಗಳ ಕೋಣೆಗೆ ಹಾಕಿದರು, ನನ್ನ ಅಂಗಡಿಯಿಂದ ಹತ್ತು ಹೆಜ್ಜೆ.

ಮೇಲಿನವರು ಅವಳ ಮುಂದೆ ಹಾದುಹೋಗುವಾಗ ಕೈಯಲ್ಲಿ ಕೀಲಿ ತಿರುಗಿಸುವ ಹಾಗೆ ಅಣಕಿಸುತ್ತಿದ್ದರು. ಅವಳು ತಲೆ ಎತ್ತುತ್ತಿರಲಿಲ್ಲ. ದಿನಾ ಹನ್ನೆರಡೂವರೆಗೆ ನನ್ನ ಕೌಂಟರಿನ ಕೊನೆಯ ಸ್ಟೂಲಿನಲ್ಲಿ ಕೂತು ತಂದ ಡಬ್ಬಿ ಬಿಚ್ಚಿ, ಒಂದು ಕಾಫಿ ಕೇಳುತ್ತಿದ್ದಳು. ನಾನೂ ಸುಮ್ಮನಿರುವವಳಲ್ಲ. ಗ್ರೇಡಿಯನ್ನು ಅನುಮಾನಿಸಿದೆ, ಲೈಲನ ಸುದ್ದಿ ಪತ್ರಿಕೆಗೆ ಕೊಟ್ಟವನು ಅವನೇ ಎಂದು. ಡಫೀಲ್ಡನನ್ನು ಅನುಮಾನಿಸಿದೆ. ಎಲ್ಲರಿಗಿಂತ ಹೆಚ್ಚು ಅವಳನ್ನೇ. ಎಷ್ಟೋ ಸಲ ಮುಖಕ್ಕೇ ಹೇಳಿದ್ದೇನೆ, "ನನ್ ಹತ್ರ ಮುಚ್ಚಿಡ್ಬೇಡ ಕಣೇ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ." ಅವಳು, "ಕಾಫಿ ಸ್ವಲ್ಪ ತಣ್ಣಗಿದೆ ಬ್ಲಾಂಚ್" ಎನ್ನುತ್ತಿದ್ದಳು, ಅಷ್ಟೇ.

ಹೀಗೆ ಒಂಬತ್ತು ವರ್ಷ. ಇಪ್ಪತ್ತೇಳು ವರ್ಷ ಸ್ಪೀಕರ್ ಆಗಿದ್ದವರನ್ನು ಈ ಮಾರ್ಚಿನಲ್ಲಿ ಅವರ ಪಕ್ಷದವರೇ ಇನ್ನು ಸಾಕು ಎಂದರು. ಬೀಳ್ಕೊಡುಗೆಯ ದಿನ ಮೊಗಸಾಲೆಯಲ್ಲಿ ಅವರ ದೊಡ್ಡ ಚಿತ್ರ ಅನಾವರಣ. ಚಿತ್ರಗಾರ ಪೆನ್ಸಿಲನ್ನೂ ಬಿಟ್ಟಿರಲಿಲ್ಲ. ಆರ್ಡಿತ್ ಒಂಬತ್ತು ವರ್ಷದಲ್ಲಿ ಮೊದಲ ಸಲ ಮೆಟ್ಟಿಲು ಹತ್ತಿದಳು, ನಾನು ಏಪ್ರನ್ ಬಿಚ್ಚಿಟ್ಟು ಹಿಂದೆಯೇ ಹೋದೆ. ಸಾಹೇಬರು ಗುಂಪು ಸೀಳಿಕೊಂಡು ನೇರ ಅವಳ ಹತ್ತಿರ ಬಂದರು.

"ಲೈಲ್ ಹೇಗಿದ್ದಾನಮ್ಮ? ಈ ಸಲ ಟೊಮೆಟೊ ಬೀಜ ಹಾಕಿದ್ನಾ?"

"ಹಾಕಿದ್ದಾನೆ ಸಾಹೇಬ್ರೇ."

"ಒಳ್ಳೇದಾಯ್ತು. ಒಳ್ಳೇದಾಯ್ತು." ಅವಳ ಭುಜ ತಟ್ಟಿ ಮುಂದಿನವರ ಕಡೆ ತಿರುಗಿದರು. ಅವಳು ಚಿತ್ರದ ಕೈಯನ್ನೇ ನೋಡುತ್ತಾ ನಿಂತಿದ್ದಳು.

ಕೆಳಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಆತ ಹೋಗಾಯ್ತು. ಈಗಲಾದ್ರೂ ಹೇಳು ಮಾರಾಯ್ತಿ. ಪೆನ್ಸಿಲ್ ಕೆಳಗಿಟ್ರಾ, ಇಲ್ವಾ?"

"ಇಟ್ರು," ಎಂದಳು. "ನನ್ ಮುಖ ನೋಡ್ಕೊಂಡೇ ಇಟ್ರು. ಗಂಟೆ ಹೊಡೆದ ಕೂಡ್ಲೇ ಮತ್ತೆ ಎತ್ಕೊಂಡ್ರು."

ನಾನು ಪಕ್ಕದ ಸ್ಟೂಲ್ ಎಳೆದು ಕೂತೆ. ಡಫೀಲ್ಡನನ್ನು ಪೈ ತಿನ್ನಲು ಕಳಿಸಿದ್ದು, ಗ್ರೇಡಿ ಬಾರದೆ ಇದ್ದದ್ದು, ಎರಡನ್ನೂ ಈ ಕಣ್ಣಾರೆ ಕಂಡಿದ್ದೆ. ಕಂಡೂ ಅನುಮಾನಪಟ್ಟದ್ದು ಇವಳನ್ನು.

"ಮತ್ತೆ ಯಾಕೇ ಬಾಯ್ ಬಿಡ್ಲಿಲ್ಲ? ಹೆಸರು ಹೋಯ್ತು, ಕುರ್ಚಿ ಹೋಯ್ತು!"

"ಸ್ಪೀಕರ್ರೇ ಕೈ ಕೊಟ್ಟಿದ್ದು ಅಂತ ಗವರ್ನರ್‌ಗೆ ಗೊತ್ತಾಗಿದ್ರೆ ಸೇತುವೆ ನಿಲ್ಲಿಸಿ, ಅರವತ್ತು ಮತ ತಗೊಂಡ್ ಬಾ ಅಂತ ಪಟ್ಟು ಹಿಡೀತಿದ್ರು. ಸಾಹೇಬ್ರು ತರ್ತಿದ್ರು. ಲೈಲ್ ಎಲ್ಲಿ ಹೋಗ್ತಿದ್ದ? ನಾನು ಸುಮ್ಮನಿರ್ತೀನಿ ಅಂತ ಅವ್ರಿಗೆ ಗೊತ್ತಿತ್ತು ಬ್ಲಾಂಚ್. ಅದಕ್ಕೇ ನನ್ನನ್ನ ಆ ದಿನ ಕುರ್ಚಿಯಿಂದ ಏಳಿಸ್ಲಿಲ್ಲ."

"ನಿನ್ ತಮ್ಮ ಅಲ್ಲಿದ್ದಾನೆ ಅಂತ ಆತನಿಗೆ ಹೇಗೆ ಗೊತ್ತು? ನೀನು ಯಾರಿಗೂ ಹೇಳಿರ್ಲಿಲ್ವಲ್ಲ. ಆ ಗ್ರೇಡಿನೇ..."

ಅವಳು ಡಬ್ಬಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಳು.

"ಈ ಕಟ್ಟಡದಲ್ಲಿ ಒಬ್ಬಳಿಗೆ ಮಾತ್ರ ಹೇಳಿದ್ದೆ. ಆ ವರ್ಷ ಈಸ್ಟರ್ ವಾರದಲ್ಲಿ. ಇದೇ ಸ್ಟೂಲ್ ಮೇಲೆ ಕೂತು."

ಆಗ ನೆನಪಾಯಿತು. ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದ ಆ ಬೆರಳುಗಳು. "ನಮ್ಮ ಆರ್ಡಿತ್ ಶನಿವಾರ ಶನಿವಾರ ಬಸ್ ಹತ್ತಿ ಎಲ್ಲಿಗೆ ಹೋಗ್ತಾಳೆ ಬ್ಲಾಂಚ್?" ಎಂದು ಕೇಳಿದ್ದರು. ನಾನು ಟೀ ಬಗ್ಗಿಸುತ್ತಾ, ಪಾಪ ಎನ್ನುತ್ತಾ, ಎಲ್ಲ ಹೇಳಿದ್ದೆ. ಮಂಚ ಬದಲಿಸಿದ್ದು, ಮೂರು ವಾರ ಊಟ ಬಿಟ್ಟದ್ದು, ಟೊಮೆಟೊ ಸಸಿ. ಪತ್ರಿಕೆಯವರಿಗೆ ಸಸಿಯ ಸುದ್ದಿ ಎಲ್ಲಿಂದ ಸಿಕ್ಕಿತು ಎಂದು ಈಗ ಯಾರನ್ನೂ ಕೇಳಬೇಕಾಗಿಲ್ಲ. ನಾಚಿಕೆಯಿಂದ ಸತ್ತೇ ಹೋಗಬಾರದೇ ಅನ್ನಿಸಿತು.

"ನಿಂಗೆ ಮೊದಲಿಂದ್ಲೂ ಗೊತ್ತಿತ್ತಾ?"

"ಪೆನ್ಸಿಲ್ ಇಟ್ಟಾಗಲೇ ಗೊತ್ತಾಯ್ತು."

"ಒಂಬತ್ತು ವರ್ಷ ನನ್ ಎದುರಿಗೇ ಕೂತು ಊಟ ಮಾಡ್ದೆಯಲ್ಲೇ!"

"ನೀನು ಹೇಳ್ದೆ ಇದ್ದಿದ್ರೆ, ತಪ್ಪು ಹೊರೋರು ಯಾರೂ ಸಿಗದೆ ಸಾಹೇಬ್ರು ಬಿಲ್ ಪಾಸೇ ಮಾಡಿಬಿಡ್ತಿದ್ರೋ ಏನೋ. ಆಗ ಲೈಲ್ ಉಳೀತಿರ್ಲಿಲ್ಲ. ನಿನ್ನ ಬೈಬೇಕೋ, ಕೈ ಮುಗೀಬೇಕೋ ತಿಳೀದೆ ದಿನಾ ಬಂದು ಕೂತೆ. ಇವತ್ತಿಗೂ ತಿಳಿದಿಲ್ಲ."

ಕಾಫಿ ಬಗ್ಗಿಸಲು ಎದ್ದೆ. ಕೈ ಎಷ್ಟು ನಡುಗಿತೆಂದರೆ ಜಗ್ಗು ಎತ್ತಲಾಗಲಿಲ್ಲ. ಆರ್ಡಿತ್ ಎದ್ದು ಕೌಂಟರಿನ ಒಳಗೆ ಬಂದಳು. ಅವಳ ಕೈ ಆಗಲೂ ನಡುಗುತ್ತಿರಲಿಲ್ಲ. ಎರಡು ಕಪ್ಪಿಗೂ ಕಾಫಿ ಬಗ್ಗಿಸಿ, ಒಂದನ್ನು ನನ್ನ ಮುಂದೆ ಇಟ್ಟಳು.